ಮೀನಿನ ಮುಂದೆ ಬರೆದ ಅಳು

"ನಿಮ್ಮ ಮೀನು ದಿನಾ ಹದಿನಾಲ್ಕು ನಿಮಿಷ ಅಳುತ್ತೆ," ಎಂದರು ಟೀಚರಮ್ಮ.

ಸೊಸೆ ಕೂತಿದ್ದ ಕುರ್ಚಿ ಮೂರು ವರ್ಷದವರ ಅಳತೆಯದು. ಮೊಣಕಾಲು ಬಂದು ಗದ್ದಕ್ಕೆ ತಾಗುತ್ತಿತ್ತು. ಆ ಭಂಗಿಯಲ್ಲಿ ಕೂತರೆ ಎಂಥವರಿಗೂ ತಪ್ಪು ತಮ್ಮದೇ ಇರಬೇಕು ಅನ್ನಿಸಿಬಿಡುತ್ತದೆ. ಆದರೂ ಧೈರ್ಯ ಮಾಡಿ ಕೇಳಿದಳು, "ಯಾವ ಮೀನು?"

ಸರ್ಕಾರಿ ಶಿಶುಶಾಲೆಯಲ್ಲಿ ಮಕ್ಕಳಿಗೆ ಹೆಸರಿಗಿಂತ ಮೊದಲು ಚಿತ್ರ ಸಿಗುತ್ತದೆ. ಓದು ಬಾರದವರು ತಮ್ಮ ಚೀಲ ತಾವೇ ತೂಗುಹಾಕಬೇಕಲ್ಲ, ಅದಕ್ಕೆ ಗೋಡೆಯ ಇಪ್ಪತ್ತು ಕೊಕ್ಕೆಗಳ ಮೇಲೆ ಇಪ್ಪತ್ತು ಚಿತ್ರ ಅಂಟಿಸಿದ್ದರು: ಬೀಗ, ಏಣಿ, ಬಾತುಕೋಳಿ, ಮೊಸಳೆ, ಹೀಗೆ. ಕಡತಗಳೂ ಚಿತ್ರದ ಲೆಕ್ಕದಲ್ಲೇ. ಏಣಿ ಇವತ್ತು ಊಟ ಮಾಡಲಿಲ್ಲ. ಬೀಗ ಚಡ್ಡಿ ಒದ್ದೆ ಮಾಡಿಕೊಂಡಿತು. ಬಾತುಕೋಳಿ ಮೊಸಳೆಯನ್ನು ಕಚ್ಚಿತು. ಸೊಸೆಯ ಮಗಳಿಗೆ ಮನೆಯಲ್ಲಿ ಬಟಾಣಿ ಅಂತ ಕರೆಯುತ್ತಿದ್ದರು, ಗುಂಡಗೆ, ಕೈಗೆ ಸಿಗದೆ ಉರುಳುತ್ತಿದ್ದಳಾದ್ದರಿಂದ. ಶಾಲೆಗೆ ಕಾಲಿಟ್ಟ ದಿನ ಬಟಾಣಿ ಮೀನಾದಳು. ಇಪ್ಪತ್ತೊಂದನೆಯ ಕೊಕ್ಕೆಯೂ ಒಂದಿತ್ತು. ಅದಕ್ಕೆ ಚಿತ್ರವಿರಲಿಲ್ಲ, ಆಯಾಳ ಏಪ್ರನ್ ಇತ್ತು.

ಟೀಚರಮ್ಮ ಉದ್ದದ ಹಾಳೆಯೊಂದನ್ನು ಬಿಡಿಸಿದರು. ಮೇಲೆ 'ಅಳುಪಟ್ಟಿ' ಎಂದು ದಪ್ಪಕ್ಷರದಲ್ಲಿತ್ತು. ಅಳತೆಪಟ್ಟಿ ಕೇಳಿ ಗೊತ್ತಿದ್ದ ಸೊಸೆ ಅಚ್ಚಿನ ತಪ್ಪಿರಬೇಕು ಅಂದುಕೊಂಡಳು. ತಪ್ಪಲ್ಲ, ಅಳುವಿನ ಅಳತೆಯೇ. ಬೆಳಿಗ್ಗೆ ಗೇಟಿನಲ್ಲಿ ಮಗುವನ್ನು ಬಿಡುವಾಗ ಅಳು ಇದೆಯೋ ಇಲ್ಲವೋ, ಇದ್ದರೆ ಎಷ್ಟು ನಿಮಿಷ. ಮೀನಿನ ಮುಂದೆ ಹದಿನೈದು ದಿನವೂ 'ಇದೆ'. ಪಕ್ಕದ ಮೊಸಳೆ ಒಂದು ದಿನವೂ ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

"ಇಪ್ಪತ್ತನೇ ದಿನ ಮೇಲ್ವಿಚಾರಕಿ ಮೇಡಂ ಬರ್ತಾರೆ. ಅವತ್ತೂ ಅಳು ಇದ್ರೆ ಮಗು ಇನ್ನೂ ಸಿದ್ಧ ಇಲ್ಲ ಅಂತ ಬರೀತಾರೆ. ಜಾಗ ಕಾಯೋ ಪಟ್ಟಿಯ ಒಂದನೇ ನಂಬರಿಗೆ ಹೋಗುತ್ತೆ," ಎಂದು ಟೀಚರಮ್ಮ ತಮ್ಮದೇ ಮಗುವನ್ನು ಕಳಿಸಿಕೊಡುವವರ ಹಾಗೆ ನಿಟ್ಟುಸಿರಿಟ್ಟರು.

"ಬಟಾಣಿ ಅಳಲ್ಲ ಮೇಡಂ. ಚುಚ್ಚುಮದ್ದು ಹಾಕಿಸ್ಕೊಂಡಾಗ ನರ್ಸಿಗೇ ಸಮಾಧಾನ ಮಾಡಿದ್ಲು."

"ಆಯಾ ಬರೆದಿದ್ದಾಳಲ್ಲ."

ಆಯಾ ಅಡುಗೆಮನೆಯಿಂದ ತಲೆ ಹಾಕಿದಳು. "ನಾನು ನೋಡಿ ಬರೆಯಲ್ಲಮ್ಮ, ಕೇಳಿ ಬರೀತೀನಿ. ಒಲೆ ಮೇಲೆ ಹಾಲಿರುತ್ತೆ, ಅದರ ಮೇಲಿಂದ ಕಣ್ಣು ತೆಗೆಯೋ ಹಾಗಿಲ್ಲ. ಕಿವಿ ಬಿಟ್ಟಿರ್ತೀನಿ. ಎಂಟೂ ಹತ್ತಕ್ಕೆ ಸರಿಯಾಗಿ 'ದಾರಿ ಬಿಡಿ, ದಾರಿ ಬಿಡಿ' ಅಂತ ನಿಮ್ಮತ್ತೆ ಧ್ವನಿ. ಅಂದ್ರೆ ಮೀನು ಬಂತು. ಹಿಂದೇನೇ ಅಳು ಶುರು. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಅಳು ತಪ್ಪಿಸಿಲ್ಲ ನಾನು."

ಸೊಸೆ ಎದ್ದಳು. ಕುರ್ಚಿಯೂ ಅವಳೊಂದಿಗೆ ಎದ್ದಿತು.

ಆ ಜಾಗ ಸುಮ್ಮನೆ ಸಿಕ್ಕಿದ್ದಲ್ಲ. ಹಣಕಾಸು ಇದ್ದದ್ದನ್ನು ಇದೆ ಎಂದು ತೋರಿಸಲು ಒಂದು ಕಾಗದ ಸಾಕು. ಇಲ್ಲದ್ದನ್ನು ಇಲ್ಲ ಎಂದು ತೋರಿಸಲು ಏಳು ಬೇಕು. ಏಳನ್ನೂ ಕೊಟ್ಟಿದ್ದರು. ಅದಕ್ಕೂ ಮೊದಲು ಬಟಾಣಿಯನ್ನು ನೋಡಿಕೊಳ್ಳುತ್ತಿದ್ದುದು ಅತ್ತೆ. ಆದರೆ ಅತ್ತೆಯ ಮಂಡಿ ಸವೆದಿತ್ತು, ಬಟಾಣಿಯ ಕಾಲು ಬೆಳೆದಿತ್ತು. ಅವಳು ಮೂರನೇ ಸಲ ಬಾಗಿಲಾಚೆ ಉರುಳಿ ಲಾರಿ ಓಡಾಡುವ ದೊಡ್ಡ ರಸ್ತೆ ಮುಟ್ಟಿದ ದಿನ ಸೊಸೆ ಇದ್ದ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಶಿಶುಶಾಲೆಯ ಪತ್ರ ಬಂದ ಮೇಲೆಯೇ ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಅವಳಿಗೆ ಬೆಳಗಿನ ಪಾಳಿ ಸಿಕ್ಕಿದ್ದು. ಏಳೂವರೆಗೆ ಅಲ್ಲಿ ಹಾಜರಿ. ಈ ಜಾಗ ಹೋದರೆ ಆ ಜಾಗವೂ ಹೋದಂತೆ.

ಹದಿನಾರನೇ ದಿನ ಎರಡು ಗಂಟೆ ಅನುಮತಿ ಪಡೆದು, ಶಾಲೆಯ ಎದುರಿನ ವಿದ್ಯುತ್ ಕಂಬದ ಹಿಂದೆ ಅವಿತು ನಿಂತಳು. ಕಂಬ ಅವಳಿಗಿಂತ ಸ್ವಲ್ಪ ದಪ್ಪ, ಅದೊಂದು ಅನುಕೂಲ.

ಎಂಟೂ ಹತ್ತು. ಖಾಲಿ ರಸ್ತೆಯಲ್ಲಿ ಯಾರೂ ಅಡ್ಡವಿಲ್ಲದಿದ್ದರೂ "ದಾರಿ ಬಿಡಿ, ದಾರಿ ಬಿಡಿ" ಎನ್ನುತ್ತ ಅತ್ತೆ ಬಂದರು. ಅತ್ತೆ ಇಪ್ಪತ್ತೆಂಟು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತಿಯ ದಿನ ಡಿಪೋದ ಗಂಡಸರೆಲ್ಲ ಕರ್ಚೀಫು ಹಿಂಡುತ್ತಿದ್ದರೆ, "ಬಾಗಿಲ ಹತ್ರ ನಿಂತು ಅಳ್ಬೇಡಿ, ಒಳಗೆ ಹೋಗಿ ಅಳಿ" ಎಂದು ಗದರಿದ್ದರು. ಗಂಡ ತೀರಿಕೊಂಡಾಗಲೂ ಕಣ್ಣು ಒಣಗಿತ್ತು. "ಅವರ ಸ್ಟಾಪ್ ಬಂತು, ಇಳಿದ್ರು" ಅಂದಿದ್ದರು, ಅಷ್ಟೆ. ಅವರು ಜನ್ಮದಲ್ಲಿ ಅತ್ತದ್ದು ಒಂದೇ ಸಲ, ಹುಟ್ಟಿದಾಗ. ಅದಕ್ಕೂ ಸಾಕ್ಷಿಗಳು ಯಾರೂ ಉಳಿದಿಲ್ಲ.

ಅಂಥ ಅತ್ತೆ ಗೇಟಿನ ಕಟ್ಟೆಯ ಮೇಲೆ ಕುಕ್ಕರಿಸಿ, ಬಾಯಿ ಅಗಲವಾಗಿ ತೆರೆದು, ಮೂರು ವರ್ಷದ ಮಗುವಿನ ಶ್ರುತಿಯಲ್ಲಿ ಊಂ ಎಂದು ರಾಗ ತೆಗೆದರು. ಬಟಾಣಿ ಪಕ್ಕದಲ್ಲೇ ನಿಂತು ಅಜ್ಜಿಯ ಬೆನ್ನು ತಟ್ಟುತ್ತಿದ್ದಳು. ಮಧ್ಯೆ ಒಮ್ಮೆ ಅಜ್ಜಿಯ ಚೀಲ ತೆಗೆದು, ಕರ್ಚೀಫು ಹುಡುಕಿ, ಮೂಗು ಒರೆಸಿದಳು. "ಆಯ್ತು, ಆಯ್ತು. ಸಂಜೆ ಬರ್ತೀಯಲ್ಲ. ಒಳ್ಳೆ ಅಜ್ಜಿ ಅಲ್ವಾ ನೀನು."

ಗೇಟಿನ ಆಚೆ ಬದಿಯಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಒಂದು ಕಂಕುಳಲ್ಲಿ ಪುಟ್ಟ ಮಗಳು, ಇನ್ನೊಂದು ಕೈಯಲ್ಲಿ ಗಡಿಯಾರ. ಅಳು ನಿಂತಾಗ ಗಡಿಯಾರ ನೋಡಿ, "ಹದಿನಾಲ್ಕು ನಿಮಿಷ, ಹತ್ತು ಸೆಕೆಂಡು. ನಿನ್ನೆಗಿಂತ ಚೆನ್ನಾಗಿದೆ," ಎಂದು ತನಗೆ ತಾನೇ ಹೇಳಿಕೊಂಡ. ಇವನೇ ಕಾಯುವ ಪಟ್ಟಿಯ ಒಂದನೇ ನಂಬರು. ಮೂಲೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ. ಹೆಂಡತಿ ದೂರದ ಊರಿನಲ್ಲಿ ಮನೆಕೆಲಸಕ್ಕಿದ್ದಳು, ಮಗು ಅಂಗಡಿಯಲ್ಲೇ ಬೆಳೆಯುತ್ತಿತ್ತು. ಅಂಗಡಿಯಲ್ಲಿ ಮಗುವಿನ ಬಾಯಲ್ಲಿ ಹಿಡಿಯದ ವಸ್ತುವೇ ಇರಲಿಲ್ಲ.

ಸೊಸೆ ಕಂಬದಿಂದ ಹೊರಬಂದಳು. "ಅತ್ತೆ."

ಅತ್ತೆ ಗಕ್ಕನೆ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. "ಏನೇ, ಕೆಲಸಕ್ಕೆ ಹೋಗ್ಲಿಲ್ವಾ?"

"ನೀವು ಅತ್ತಿದ್ದಾ?"

"ಅತ್ತೆನಾ, ನಾನಾ?"

"ಹೂಂ, ಅತ್ತೇನೇ ಅತ್ತಿದ್ದು. ಹದಿನಾರು ದಿನದಿಂದ. ಬರೆದಿಟ್ಟಿದ್ದಾರೆ."

"ನಾನಲ್ಲ ಕಣೆ, ಕಣ್ಣು," ಎಂದರು ಅತ್ತೆ ಮೂಗೇರಿಸುತ್ತ. "ಬ್ರೇಕ್ ಫೇಲು. ನಾನೇನು ಮಾಡ್ಲಿ?"

ಬಟಾಣಿ ಇಬ್ಬರನ್ನೂ ನೋಡಿ, ಇದು ದೊಡ್ಡವರ ವಿಷಯವೆಂದು ತೀರ್ಮಾನಿಸಿ, ಒಳಗೆ ಹೋಗಿ ಮೀನಿಗೆ ಚೀಲ ತೂಗುಹಾಕಿದಳು.

ಸೊಸೆ ಅತ್ತೆಯನ್ನು ಎಳೆದುಕೊಂಡು ನೇರ ಮೇಲ್ವಿಚಾರಕಿಯ ಕಚೇರಿಗೆ ಹೋದಳು. ಅದು ಮೇಲಿನ ಮಹಡಿಯಲ್ಲಿತ್ತು. ವಿಚಾರ ಎಲ್ಲಿತ್ತೋ ಗೊತ್ತಿಲ್ಲ.

"ಮೇಡಂ, ಅಳೋದು ಮಗು ಅಲ್ಲ. ಇವರು, ನಮ್ಮತ್ತೆ."

ಮೇಲ್ವಿಚಾರಕಿ ಕನ್ನಡಕದ ಮೇಲಿಂದ ಅತ್ತೆಯನ್ನು ನೋಡಿದರು. "ವಯಸ್ಸು?"

"ಅರವತ್ತೆರಡು," ಎಂದರು ಅತ್ತೆ.

"ಅರವತ್ತೆರಡಕ್ಕೆ ಕಾಲಂ ಇಲ್ಲ. ಎರಡೂವರೆಯಿಂದ ಐದು."

"ಅದಕ್ಕೇ ಮೇಡಂ, ತೆಗೆದುಬಿಡಿ ಅಂತ ಬಂದ್ವಿ."

"ಕೇಳಿಸಿದ ಅಳು ತೆಗೆಯೋಕೆ ಬರಲ್ಲಮ್ಮ. ಅಳು ಇದೆಯಾ ಅಂತ ಕೇಳಿದೆ ಫಾರಂ. ಯಾರದು ಅಂತ ಕೇಳಿಲ್ಲ. ಗೇಟಿನಲ್ಲಿ ಕೇಳಿಸಿದ ಪ್ರತಿಯೊಂದು ಅಳುವೂ ಯಾವುದಾದರೂ ಒಂದು ಚಿತ್ರದ ಮುಂದೆ ಬೀಳಲೇಬೇಕು. ಚಿತ್ರ ಇಲ್ಲದ ಅಳು ಅಂತ ನಮ್ಮಲ್ಲಿ ಇಲ್ಲ." ಒಂದು ಹಾಳೆ ತೆಗೆದು ಬೆರಳಿಟ್ಟರು. "ನೋಡಿ, ಮಗುವನ್ನ ಬಿಡೋಕೆ ಒಪ್ಪಿಗೆ ಇರೋರು. ನಿಮ್ಮತ್ತೆ ಫೋಟೋ ಎಲ್ಲಿದೆ? ಮೀನಿನ ಹಾಳೆಯಲ್ಲಿ. ಅಂದ ಮೇಲೆ ಇವರೂ ಮೀನೇ."

"ಇಪ್ಪತ್ತೆಂಟು ವರ್ಷ ನೆಲದ ಮೇಲಿದ್ದೆ," ಎಂದು ಗೊಣಗಿದರು ಅತ್ತೆ.

"ನಮ್ಮೆಜಮಾನರು ಮಗುನ ತಂದು ಬಿಟ್ಟರೆ?" ಎಂದಳು ಸೊಸೆ.

"ಅವರ ಫೋಟೋ ತಿರಸ್ಕಾರ ಆಗಿದೆಯಲ್ಲ. ಕಣ್ಣು ಮುಚ್ಚಿದೆ."

ಅದು ನಿಜ. ಬಟಾಣಿಯ ಅಪ್ಪ ರಾತ್ರಿಯಿಡೀ ಬೇಕರಿಯಲ್ಲಿ ಬ್ರೆಡ್ಡು ಸುಟ್ಟು ಬೆಳಿಗ್ಗೆ ಎಂಟಕ್ಕೆ ಮನೆ ಸೇರುವವನು. ಹಗಲಿನಲ್ಲಿ ತೆಗೆದ ಅವನ ಯಾವ ಫೋಟೋದಲ್ಲೂ ಕಣ್ಣು ತೆರೆದಿರಲಿಲ್ಲ. ಹೊಸ ಹೆಸರು ಸೇರಿಸಲು ಅರ್ಜಿ ಕೊಟ್ಟರೆ ಮೂವತ್ತು ದಿನ. ಉಳಿದಿದ್ದು ನಾಲ್ಕು.

ಸೊಸೆಯ ಮುಖ ನೋಡಿ ಮೇಲ್ವಿಚಾರಕಿಗೆ ಕನಿಕರ ಬಂತು. ಕನಿಕರಕ್ಕೂ ಅವರ ಹತ್ತಿರ ಒಂದು ಫಾರಂ ಇತ್ತು. "ಕುಟುಂಬ ಬೆಂಬಲ ಅಂತ ಇದೆ. ಅಳುವವರಿಗೆ ಆಸರೆ ಯೋಜನೆ. ಇವತ್ತೇ ಸಂಜೆ ಕಳಿಸ್ತೀನಿ."

ಸಂಜೆ ಕುಟುಂಬ ಬೆಂಬಲದಾಕೆ ಬಂದಳು. ಹೆಗಲ ಚೀಲದಲ್ಲಿ ಬಟ್ಟೆಯ ಗೊಂಬೆ, ಬಣ್ಣದ ಕಾರ್ಡುಗಳು, ಒಂದು ದಪ್ಪ ಕೈಪಿಡಿ. ಒಂದೇ ಕೋಣೆಯ ಮನೆ. ಅಪ್ಪ ಮಂಚದ ಮೇಲೆ ನಿದ್ದೆಯ ಕೊನೆಯ ಕಂತು ಮುಗಿಸುತ್ತಿದ್ದ, ಬಟಾಣಿ ಮಂಚದ ಕೆಳಗೆ ಅಜ್ಜಿಯ ಹಳೆಯ ಸೀಟಿ ಊದುತ್ತ ಉರುಳುತ್ತಿದ್ದಳು. ಬೆಂಬಲದಾಕೆ ನೆಲದಲ್ಲಿ ಅತ್ತೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಜೇನಿನಲ್ಲಿ ಅದ್ದಿದ ದನಿಯಲ್ಲಿ ಕೇಳಿದಳು:

"ಈಗ ನಮಗೆ ಹೇಗನ್ನಿಸ್ತಾ ಇದೆ?"

"ನಿಮಗೆ ಹೇಗನ್ನಿಸ್ತಿದೆ ಅಂತ ನಾನು ಹೇಗಮ್ಮ ಹೇಳ್ಲಿ?" ಎಂದರು ಅತ್ತೆ.

"ನಾವು ಅಂದ್ರೆ ನೀವು."

"ನೀವು ಅಂದ್ರೆ?"

"ನೀವು ಅಂದ್ರೂ ನೀವೇ."

"ಮತ್ತೆ ನೀವು ಎಲ್ಲಿ ಹೋದ್ರಿ? ಒಟ್ಟು ಎಷ್ಟು ಜನ ಅಂತ ಸರಿಯಾಗಿ ಹೇಳಿ, ಟಿಕೆಟ್ ಹರೀತೀನಿ."

ಬೆಂಬಲದಾಕೆ ಕೈಪಿಡಿ ತಿರುವಿದಳು. ಅದನ್ನು ಬರೆದಿದ್ದು ಮೂರು ವರ್ಷದವರಿಗೆ. ಆದರೆ ಅಳುವವರು ಅಂತಲೇ ಇತ್ತು, ವಯಸ್ಸು ಹಾಕಿರಲಿಲ್ಲ. ಹಾಗಾಗಿ ಮೊದಲ ಪ್ರಶ್ನೆಯಿಂದಲೇ ಶುರುಮಾಡಿದಳು. ತಾನೇ ಕೈ ತೊಳೆದುಕೊಳ್ಳುತ್ತಾರಾ. ಆಟಿಕೆ ಹಂಚಿಕೊಳ್ಳುತ್ತಾರಾ. "ಮೂತ್ರ ಬಂದ್ರೆ ಹೇಳೋಕೆ ಬರುತ್ತಾ?"

"ಇಪ್ಪತ್ತೆಂಟು ವರ್ಷ ಹೇಳದೇ ಇದ್ದೀನಿ," ಎಂದರು ಅತ್ತೆ. "ಡಿಪೋ ಬರೋವರೆಗೂ. ಗಂಡಸರಿಗೆ ದಾರಿಯುದ್ದಕ್ಕೂ ಮರ ಇತ್ತು. ನಮಗೇನಿತ್ತು?"

ಬೆಂಬಲದಾಕೆಯ ಪೆನ್ನು ನಿಂತಿತು. ಇದಕ್ಕೂ ಕಾಲಂ ಇರಲಿಲ್ಲ. 'ಬಹಳ ಚೆನ್ನಾಗಿ ತಡೆದುಕೊಳ್ಳುತ್ತಾರೆ' ಎಂದು ಅಂಚಿನಲ್ಲಿ ಬರೆದಳು.

ಯೋಜನೆ ಸಿದ್ಧವಾಯಿತು. ಅಳುವವರು ಮನೆಯಿಂದ ಇಷ್ಟದ ವಸ್ತು ತರಬೇಕು. ಮೊದಲ ದಿನ ಇಡೀ ದಿನ ಒಳಗೆ, ಎರಡನೇ ದಿನ ಅರ್ಧ ದಿನ, ಮೂರನೇ ದಿನ ಗೇಟಿನವರೆಗೆ ಮಾತ್ರ. ಕಣ್ಣುಜ್ಜುತ್ತ ಎದ್ದ ಮಗರಾಯ, "ಅಮ್ಮನ್ನ ಸ್ಕೂಲಿಗೆ ಸೇರಿಸಿದ್ರಾ? ಒಳ್ಳೇದಾಯ್ತು" ಎಂದು ಬೇಕರಿಗೆ ಹೊರಟುಹೋದ.

ಹದಿನೇಳನೇ ದಿನ ಅತ್ತೆ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಶಾಲೆಗೆ ಹೋದರು. ಗೇಟಿನಲ್ಲಿ ಒಂದು ಹನಿ ಇಲ್ಲ. ಒಳಗೆ ಹೋಗಿ ಪುಟ್ಟ ಕುರ್ಚಿಯಲ್ಲಿ ಕೂತರು, ಸೊಪ್ಪು ಬೇಡ ಎಂದು ತಟ್ಟೆ ತಳ್ಳಿದರು, ಮಲಗುವ ಹೊತ್ತಿನಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋಗಿ ಗೊರಕೆಯಿಂದ ಎಲ್ಲರನ್ನೂ ಎಬ್ಬಿಸಿದರು. ಟೀಚರಮ್ಮ ಹಾಡು ಹೇಳಿಸಿದರೆ ಇವರು ಮಧ್ಯೆ ಮಧ್ಯೆ ಸ್ಟಾಪಿನ ಹೆಸರು ಕೂಗಿದರು. ಮಧ್ಯಾಹ್ನ ಇಪ್ಪತ್ತು ಕುರ್ಚಿಗಳನ್ನು ಎರಡು ಸಾಲು ಮಾಡಿ ಬಸ್ಸು ಹೂಡಿದರು. ಏಣಿ ಡ್ರೈವರು. ಬಾತುಕೋಳಿ ಮೊಸಳೆಯ ಪಕ್ಕದ ಸೀಟು ಒಲ್ಲೆ ಎಂದು ಜಗಳ ತೆಗೆಯಿತು. "ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಇಡೀ ಬಸ್ಸು ಖಾಲಿ ಬಿದ್ದಿದೆ" ಎಂಬ ಘೋಷಣೆಗೆ ಹೆದರಿ ಟೀಚರಮ್ಮನೂ ಎರಡು ಹೆಜ್ಜೆ ಹಿಂದೆ ಸರಿದರು.

ಪಡಸಾಲೆಯ ಕಂಬದ ಹತ್ತಿರ ಬಸ್ಸು ನಿಂತಿತು. ಬೀಗ ಇಳಿಯಿತು.

"ಅಜ್ಜಿ, ಬೀಗ ಯಾಕೆ ಇಳಿದ?" ಎಂದು ಬಟಾಣಿ ಕೇಳಿದಳು.

"ಅವನ ಸ್ಟಾಪ್ ಬಂತು."

"ನೀನು ಅಳಲ್ವಾ?"

"ಒಂದೊಂದು ಸ್ಟಾಪಿಗೂ ಕಂಡಕ್ಟರ್ ಅಳ್ತಾ ಕೂತ್ರೆ ಟಿಕೆಟ್ ಯಾರು ಕೊಡ್ತಾರೆ? ಸೀಟಿ ಊದೋದು, ರೈಟ್ ಅನ್ನೋದು, ಹೋಗ್ತಾ ಇರೋದು." ಸೀಟಿ ಊದಿದರು. "ರೈಟ್."

ಕೂತಲ್ಲಿಯೇ ಬಸ್ಸು ಮುಂದೆ ಹೋಯಿತು. ಬಟಾಣಿ ತುಂಬಾ ಹೊತ್ತು ಹಿಂದಿರುಗಿ ನೋಡುತ್ತಿದ್ದಳು, ಬೀಗ ಇಳಿದ ಜಾಗವನ್ನು.

ಹದಿನೆಂಟನೇ ದಿನ ಅರ್ಧ ದಿನ, ಅದೂ ಒಣ ದಿನ. ಸೊಸೆ ಕಾರ್ಖಾನೆಯಲ್ಲಿ ಆಸ್ಪತ್ರೆಯ ಬಿಳಿ ಹಾಸಿಗೆ ಬಟ್ಟೆಗಳನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸುತ್ತ, ಇನ್ನೆರಡು ದಿನ, ಇನ್ನೆರಡು ದಿನ ಎಂದು ಎಣಿಸಿದಳು.

ಹತ್ತೊಂಬತ್ತನೇ ದಿನ ಅತ್ತೆ ಗೇಟಿನಲ್ಲೇ ನಿಲ್ಲಬೇಕಾಗಿತ್ತು. ನಿಂತರು. ಗಂಟಲು ಕೆರೆದರು. ಆಕಾಶ ನೋಡಿದರು. ಬಹುಶಃ ಗೆದ್ದೇಬಿಡುತ್ತಿದ್ದರು. ಅಷ್ಟರಲ್ಲಿ ಒಂದನೇ ನಂಬರು ಮಗಳನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ಮೆಲ್ಲಗೆ ಹತ್ತಿರ ಬಂದ.

"ಅಮ್ಮಾ, ನಿಮ್ಮ ಮೊಮ್ಮಗಳು ನೋಡ್ತಾ ನೋಡ್ತಾ ಎಷ್ಟುದ್ದ ಆಗ್ಬಿಟ್ಲು ಅಲ್ವಾ?"

ಅತ್ತೆ ಮತ್ತೆ ಆಕಾಶ ನೋಡಿದರು. ಕೆಳತುಟಿ ನಡುಗಿತು.

"ಇನ್ನು ನಿಮ್ಮ ಕೈ ಹಿಡಿಯೋ ಅಗತ್ಯಾನೂ ಇರಲ್ಲ ಅನ್ಸುತ್ತೆ. ಅವಳ ಪಾಡಿಗೆ ಅವಳು."

ಇಪ್ಪತ್ತೆರಡು ನಿಮಿಷ. ಅಡುಗೆಮನೆಯಲ್ಲಿ ಆಯಾ ಹಾಲು ಉಕ್ಕಿಸಿಕೊಂಡಳು. ಬೆನ್ನು ತಟ್ಟಿ ತಟ್ಟಿ ಬಟಾಣಿಯ ಕೈ ಸೋತಿತು. ಒಂದನೇ ನಂಬರು ಗಡಿಯಾರ ನೋಡುವುದನ್ನು ಬಿಟ್ಟು ತಲೆತಗ್ಗಿಸಿದ.

"ತಪ್ಪಾಯ್ತು ಅಮ್ಮಾ. ಇವಳು ಮೊನ್ನೆ ಸೆಕೆಂಡಿನ ಮುಳ್ಳು ನುಂಗಿದ್ಲು. ನಾನು ಇಡೀ ರಾತ್ರಿ ಹೊಟ್ಟೆ ಮೇಲೆ ಕಿವಿ ಇಟ್ಕೊಂಡು ಕೂತಿದ್ದೆ. ಇವಳಿಗೊಂದು ಜಾಗ ಸಿಕ್ಕಿದ್ರೆ ಅಂತ..."

"ಬಂತಾ?" ಎಂದರು ಅತ್ತೆ ಬಿಕ್ಕುತ್ತ.

"ಮಾರನೇ ದಿನ ಬಂತು."

"ಸೆಕೆಂಡಿನ ಮುಳ್ಳಾದ್ದರಿಂದ ಬೇಗ ಬಂತು. ಗಂಟೆ ಮುಳ್ಳಾಗಿದ್ರೆ ತಡ ಆಗ್ತಿತ್ತು," ಎಂದು ಹೇಳಿ ಅತ್ತೆ ಅಳು ಮುಂದುವರಿಸಿದರು.

ಆ ಸಂಜೆ ಸೊಸೆ ಜಗಳವಾಡಲಿಲ್ಲ. ಅದೇ ಅತ್ತೆಗೆ ಕಷ್ಟವಾಯಿತು. ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು, ಎದುರಿಗೆ ಕೂತು ಹೇಳಿದಳು:

"ನಾಳೆ ಅತ್ರೆ ನಾನು ಸೋಮವಾರದಿಂದ ಕೆಲಸಕ್ಕೆ ಹೋಗಲ್ಲ ಅತ್ತೆ. ಬಟಾಣಿನ ರಸ್ತೆಗೆ ಬಿಡೋಕಾಗಲ್ಲ. ಅಷ್ಟೇ ಹೇಳೋದು."

ಅತ್ತೆ ಮಂಡಿ ನೀವಿಕೊಂಡರು. "ನನಗೇನು ಅಳೋ ಹುಚ್ಚಾ? ಯಾಕೆ ಬರುತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ. ಇವತ್ತು ಗೊತ್ತಾಯ್ತು. ಬಸ್ಸಲ್ಲಿ ಎಷ್ಟು ಲಕ್ಷ ಜನ ಇಳಿದ್ರು ಕಣೆ, ಒಬ್ಬರಿಗೂ ಅತ್ತಿಲ್ಲ. ಅವರು ಇಳೀತಿದ್ರು, ನಾನು ಹೋಗ್ತಿದ್ದೆ. ಇಲ್ಲಿ ಅವಳು ಹೋಗ್ತಾಳೆ, ನಾನು ನಿಂತಿರ್ತೀನಿ. ನಿಂತಿರೋದು ನನಗೆ ಅಭ್ಯಾಸ ಇಲ್ಲ."

ಮಂಚದ ಕೆಳಗಿನ ಸೀಟಿ ಸದ್ದು ನಿಂತಿತು.

ಇಪ್ಪತ್ತನೇ ದಿನ ಎಂಟು ಗಂಟೆಗೇ ಗೇಟಿನಲ್ಲಿ ಜನ ನೆರೆದಿದ್ದರು. ಮೇಲ್ವಿಚಾರಕಿ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರಿಗೂ ಸಿಕ್ಕಿದ್ದು ಮೂರು ವರ್ಷದವರ ಕುರ್ಚಿಯೇ. ಬೆಂಬಲದಾಕೆ ಬಣ್ಣದ ಕಾರ್ಡುಗಳನ್ನು ಎದೆಗವಚಿಕೊಂಡಿದ್ದಳು. ಟೀಚರಮ್ಮ ಉಗುರು ಕಡಿಯುತ್ತಿದ್ದರು. ಉಗುರು ಕಡಿಯಬಾರದು ಎಂಬ ಚಿತ್ರ ಅವರ ಹಿಂದೆಯೇ ಇತ್ತು. ಒಂದನೇ ನಂಬರು ಮಗಳೊಂದಿಗೆ ಆಚೆ ನಿಂತಿದ್ದ. ಇವತ್ತು ಏನೂ ಮಾತಾಡುವುದಿಲ್ಲ ಎಂದು ತಾನೇ ಬಾಯಿಯ ಮೇಲೆ ಬೆರಳಿಟ್ಟುಕೊಂಡಿದ್ದ. ಅಡುಗೆಮನೆಯಲ್ಲಿ ಹಾಲು, ಅದರ ಮೇಲೆ ಆಯಾಳ ಕಣ್ಣು, ಕಿಟಕಿಯಲ್ಲಿ ಆಯಾಳ ಕಿವಿ.

"ದಾರಿ ಬಿಡಿ, ದಾರಿ ಬಿಡಿ." ಈ ಸಲ ದನಿಯಲ್ಲಿ ಗತ್ತು ಇರಲಿಲ್ಲ.

ಮೇಲ್ವಿಚಾರಕಿ ಗುಂಡಿ ಒತ್ತಿದರು. ಅತ್ತೆ ಗೇಟಿನ ಕಟ್ಟೆಯ ಹತ್ತಿರ ನಿಂತರು. ಮೂಗಿನ ಹೊಳ್ಳೆ ಅರಳಿತು. ಗದ್ದದಲ್ಲಿ ಗುಳಿ ಬಿತ್ತು. ಬಾಯಿ ತೆರೆಯಿತು.

ಬಟಾಣಿ ಅಜ್ಜಿಯ ಕೈ ಬಿಡಿಸಿಕೊಂಡಳು. ಗೇಟಿನ ಕಂಬಿಯನ್ನು ಬಸ್ಸಿನ ಬಾಗಿಲಿನ ಕಂಬಿಯ ಹಾಗೆ ಹಿಡಿದು, ಒಂದು ಕಾಲು ಮುಂದಿಟ್ಟು, ಕಟ್ಟೆಯಿಂದ ಕೆಳಕ್ಕೆ ಇಳಿದಳು. ಇಳಿದು, ತಿರುಗಿ ನಿಂತು, ಅಜ್ಜಿಯನ್ನು ನೋಡಿದಳು.

"ನನ್ನ ಸ್ಟಾಪ್ ಬಂತು," ಎಂದಳು. "ನೀನು ಬಸ್ಸು. ಹೋಗ್ತಾ ಇರು."

ಅತ್ತೆಯ ಬಾಯಿ ತೆರೆದೇ ಇತ್ತು.

"ಬಾಗಿಲ ಹತ್ರ ನಿಲ್ಬೇಡ ಅಜ್ಜಿ," ಎಂದು ಬಟಾಣಿ ಗದರಿದಳು, ಥೇಟ್ ಅದೇ ದನಿಯಲ್ಲಿ. ಅಂಗಿಯೊಳಗಿಂದ ಸೀಟಿ ತೆಗೆದು ಕೆನ್ನೆ ಉಬ್ಬಿಸಿ ಊದಿದಳು. "ರೈಟ್."

ತಲೆ ಏನು ಯೋಚಿಸಿತೋ, ಕಾಲಿಗೆ ಅದು ಬೇಕಿರಲಿಲ್ಲ. ಇಪ್ಪತ್ತೆಂಟು ವರ್ಷ ಆ ಸದ್ದಿಗೆ ಚಲಿಸಿದ ಕಾಲು. ಅತ್ತೆ ಹೊರಟರು. ನಿಧಾನವಾಗಿ ಮೊದಲ ಗೇರು, ಕಂಬದ ಹತ್ತಿರ ಎರಡನೇ ಗೇರು, ಮಂಡಿ ಕಿರ್ ಎಂದರೂ ನಿಲ್ಲಿಸದೆ, ಹಿಂದಿರುಗಿ ನೋಡದೆ, ತಿರುವಿನಲ್ಲಿ ಬಲಗೈ ಹೊರಗೆ ಚಾಚಿ ಸಿಗ್ನಲ್ ಕೊಟ್ಟು, ಮರೆಯಾದರು. ಬಟಾಣಿ ಬಸ್ಸು ಕಾಣದಾಗುವವರೆಗೆ ಕೈಬೀಸಿ, ಒಳಗೆ ಹೋಗಿ, ಚೀಲ ತೂಗುಹಾಕಿದಳು.

ಒಂದು ನಿಮಿಷ. ಅಳು ಇಲ್ಲ.

ಮೇಲ್ವಿಚಾರಕಿ ಪೆನ್ನಿನ ಮುಚ್ಚಳ ತೆಗೆದರು. ಆಗಲೇ ಗೇಟಿನಲ್ಲಿ ಊಂ ಎಂದು ಶುರುವಾಯಿತು.

ಎಲ್ಲರೂ ತಿರುಗಿದರು. ಒಂದನೇ ನಂಬರು. ಗೇಟಿನ ಕಟ್ಟೆಯ ಮೇಲೆ, ಅತ್ತೆ ಕೂರುತ್ತಿದ್ದ ಜಾಗದಲ್ಲೇ ಕುಸಿದು, ಮಗಳ ತಲೆಯಲ್ಲಿ ಮುಖ ಹುದುಗಿಸಿ ಅಳುತ್ತಿದ್ದ. ಜಾಗ ಕೈತಪ್ಪಿದ್ದಕ್ಕೋ, ಸೀಟಿಗೋ, ಅವನಿಗೇ ತಿಳಿದಿರಲಿಲ್ಲ. ಮಗಳು ಮಾತ್ರ ಒಂದು ಗುಂಡಿಯನ್ನು ನೆಮ್ಮದಿಯಾಗಿ ಚೀಪುತ್ತಿದ್ದಳು.

ಅಡುಗೆಮನೆಯಿಂದ ಆಯಾಳ ದನಿ ಬಂತು. "ಅಳು ಇದೆ. ಎಂಟೂ ಹನ್ನೊಂದಕ್ಕೆ ಶುರು. ಮೀನಿಗೆ ಬರೀಲಾ?"

"ಮೀನು ಒಳಗಿದೆ," ಎಂದು ಟೀಚರಮ್ಮ ಕೂಗಿದರು. "ಮೀನಿನ ಅಜ್ಜಿ ಹೋಗಿ ಆಯ್ತು. ಮೇಡಂ ಕಣ್ಣಾರೆ ನೋಡಿದ್ದಾರೆ. ಇದು ಗಡಿಯಾರದವರು."

"ಅವರ ಚಿತ್ರ ಯಾವುದು?"

"ಅವರಿಗೆ ಚಿತ್ರ ಇಲ್ಲ."

"ಹಾಗಂದ್ರೆ ಹೇಗೆ?" ಆಯಾ ಸೌಟಿನ ಸಮೇತ ಹೊರಬಂದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಹಾಲನ್ನು ಒಂಟಿಯಾಗಿ ಬಿಟ್ಟಿದ್ದಳು. "ನನ್ನ ಕಿವಿಗೆ ಬಿದ್ದಿದೆ. ಕೇಳಿಸಿದ ಅಳು ಯಾವುದಾದರೂ ಚಿತ್ರದ ಮುಂದೆ ಬೀಳಲೇಬೇಕು. ಚಿತ್ರ ಇಲ್ಲದ ಅಳು ಅಂತ ನಮ್ಮಲ್ಲಿ ಇಲ್ಲ. ಅಲ್ವಾ ಮೇಡಂ?"

ಮೇಲ್ವಿಚಾರಕಿ ನಿಯಮಗಳ ಪುಸ್ತಕ ತೆಗೆದರು. ಮುಂದಿನಿಂದ ಹಿಂದಕ್ಕೆ ಓದಿದರು, ಹಿಂದಿನಿಂದ ಮುಂದಕ್ಕೆ ಓದಿದರು. ಅಳು ಗೇಟಿನಲ್ಲಿ ಆಗಿತ್ತು, ಕೇಳಿಸಿತ್ತು. ಯಾರದು ಎಂದು ಫಾರಂ ಕೇಳುವುದಿಲ್ಲ. ಚಿತ್ರವಿಲ್ಲದೆ ಬರೆಯುವಂತಿಲ್ಲ, ಬರೆಯದೆ ಬಿಡುವಂತಿಲ್ಲ. ಒಂದೊಂದು ನಿಯಮವೂ ಒಂದೊಂದು ಬಾಗಿಲು ಮುಚ್ಚುತ್ತ ಬಂದು, ಕೊನೆಗೆ ಒಂದೇ ಒಂದನ್ನು ತೆರೆದಿಟ್ಟಿತ್ತು.

"ಎಷ್ಟು ಜಾಗ ಮಂಜೂರು ನಮಗೆ?" ಎಂದು ಟೀಚರಮ್ಮ, ಗೊತ್ತಿದ್ದೂ, ಮೆಲ್ಲಗೆ ಕೇಳಿದರು.

"'ಚಿತ್ರವಿರುವ ಕೊಕ್ಕೆಗಳಷ್ಟು,'" ಎಂದು ಮೇಲ್ವಿಚಾರಕಿ ಪುಸ್ತಕದಿಂದ ಓದಿದರು. ಓದಿ, ಪುಸ್ತಕ ಮುಚ್ಚಿದರು. ಬಹಳ ಹೊತ್ತು ಇಪ್ಪತ್ತೊಂದನೆಯ ಕೊಕ್ಕೆಯನ್ನು ನೋಡಿದರು. "ಚಿತ್ರ ಏನಾದ್ರೂ ಉಳಿದಿದೆಯಾ?"

ಡ್ರಾಯರಿನಲ್ಲಿ ಒಂದೇ ಉಳಿದಿತ್ತು. ಈರುಳ್ಳಿ. ನಮ್ಮ ಮಗುವಿಗೆ ಬೇಡ ಎಂದು ಮೂವರು ತಾಯಂದಿರು ಹಿಂದಿರುಗಿಸಿದ್ದರು. ಆಯಾ ತನ್ನ ಏಪ್ರನ್ ತೆಗೆದು ಹೆಗಲಿಗೆ ಹಾಕಿಕೊಂಡಳು. ಟೀಚರಮ್ಮ ಈರುಳ್ಳಿಯನ್ನು ಅಂಟಿಸಿ ಅಂಗೈಯಿಂದ ಒತ್ತಿದರು. ಮೇಲ್ವಿಚಾರಕಿ ಪಟ್ಟಿಯ ಕೊನೆಯಲ್ಲಿ ಹೊಸ ಸಾಲು ಎಳೆದರು. ಮೀನು: ಅಳು ಇಲ್ಲ. ಈರುಳ್ಳಿ, ಮೊದಲನೇ ದಿನ: ಅಳು ಇದೆ, ಒಂಬತ್ತು ನಿಮಿಷ.

"ಏಳು ಕಾಗದ ತಗೊಂಡು ಬನ್ನಿ," ಎಂದರು ಗಡಿಯಾರದವನಿಗೆ. ಅದನ್ನು ಕೇಳಿ ಅವನು ಇನ್ನೂ ಜೋರಾಗಿ ಅತ್ತ. ಒಂಬತ್ತು ಹೊಡೆದುಹಾಕಿ ಹನ್ನೆರಡು ಮಾಡಬೇಕಾಯಿತು.

ಹಾಲು ಉಕ್ಕಿ ಒಲೆ ಆರಿತ್ತು. ಆಯಾ ಅದನ್ನೂ ಲೆಕ್ಕಿಸದೆ ಮೊದಲು ಕಾರ್ಖಾನೆಗೆ ಫೋನು ಮಾಡಿದಳು. ಬಿಳಿ ಬಟ್ಟೆಗಳ ಬೆಟ್ಟದ ನಡುವೆ ಸೊಸೆ ಎರಡೂ ಕೈಯಿಂದ ಫೋನು ಹಿಡಿದುಕೊಂಡಳು.

"ಮೀನು ಒಣಗಿದೆ," ಎಂದಳು ಆಯಾ.

ಸೊಸೆ ಫೋನು ಇಟ್ಟು, ಕೈಯಲ್ಲಿದ್ದ ಹಾಸಿಗೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಳು. ಪಕ್ಕದವಳು, "ಅದನ್ನ ಮತ್ತೆ ಒಗೀಬೇಕಾಗುತ್ತೆ ಕಣೆ," ಎಂದಳು. ಸೊಸೆ ಅದನ್ನು ಒದ್ದೆ ಬಟ್ಟೆಗಳ ಗುಡ್ಡೆಗೆ ಎಸೆದು ಇನ್ನೊಂದನ್ನು ಎತ್ತಿಕೊಂಡಳು.

ಅತ್ತೆ ಮಾತ್ರ ಆ ದಿನ ಡಿಪೋದವರೆಗೂ ನಡೆದುಬಿಟ್ಟಿದ್ದರು. ಬಸ್ಸು ಅಂದ ಮೇಲೆ ಮಧ್ಯೆ ಎಲ್ಲಿ ನಿಲ್ಲುವುದು? ಹಳೆಯ ಡ್ರೈವರುಗಳ ಜೊತೆ ಹರಟೆ ಹೊಡೆದು, ಹೊರಡುವ ಮುಂಚೆ ಹಳೆಯ ಅಭ್ಯಾಸದಂತೆ ಡಿಪೋದ ಬಚ್ಚಲಿಗೂ ಹೋಗಿ, ಸಂಜೆ ನಾಲ್ಕಕ್ಕೆ ಸರಿಯಾಗಿ ಗೇಟಿಗೆ ಬಂದರು. ಬಟಾಣಿ ಚೀಲ ಬೆನ್ನಿಗೇರಿಸಿ ಕಾಯುತ್ತಿದ್ದಳು. ಕೈ ಅಡ್ಡ ಚಾಚಿ ಬಸ್ಸು ನಿಲ್ಲಿಸಿ, ಹತ್ತಿಕೊಂಡಳು.

ಸೋಮವಾರ ಬೆಳಿಗ್ಗೆ ಗಡಿಯಾರದವನು ಈರುಳ್ಳಿಯನ್ನು ಒಳಗೆ ಕಳಿಸಿ, ಗೇಟಿನ ಕಂಬಿ ಹಿಡಿದು ನಿಂತಿದ್ದ. ಮೂಗಿನ ಹೊಳ್ಳೆ ಅರಳುತ್ತಿತ್ತು. ಅತ್ತೆ ಅವನ ಭುಜ ತಟ್ಟಿದರು.

"ನಿಂತ್ಕೋಬೇಡ ಕಣಪ್ಪ. ನಿಂತ್ರೆ ಮುಗೀತು. ನೀನು ಬಸ್ಸು ಅಂದ್ಕೋ."

"ನಾನು ಗಡಿಯಾರದವನು ಅಮ್ಮಾ."

"ಒಳ್ಳೇದೇ ಆಯ್ತು. ಗಡಿಯಾರ ನಿಲ್ಲುತ್ತಾ?"

"ನಿಂತಿದ್ದೇ ಅಲ್ವಾ ಅಮ್ಮಾ ನನ್ನ ಹತ್ರ ಬರೋದು."

ಅಷ್ಟರಲ್ಲಿ ಒಳಗಿನ ಕಿಟಕಿಯಿಂದ ಸೀಟಿ ಕೇಳಿಸಿತು. ಅತ್ತೆಯ ಕಾಲು ಹೊರಟಿತು. ಹೋಗುತ್ತ ಹೋಗುತ್ತ ಅವನ ತೋಳನ್ನೂ ಹಿಡಿದೆಳೆದರು. ತಿರುವಿನಲ್ಲಿ ಅವನೂ, ಅಳುತ್ತಲೇ, ಬಲಗೈ ಚಾಚಿದ.

ಅಡುಗೆಮನೆಯಲ್ಲಿ ಆಯಾ ಹಾಲಿನ ಮೇಲಿಂದ ಕಣ್ಣು ತೆಗೆಯದೆ ಬರೆದಳು: ಈರುಳ್ಳಿ, ಎರಡನೇ ದಿನ, ಆರು ನಿಮಿಷ. ದೂರವಾಗುತ್ತ ಹೋಯಿತು.